ಪೊಟ್ಟಣದ ಕಾಗದ ಓದುತ್ತಿದ್ದ ಪಾರ್ವತಮ್ಮ

ಕಳೆದ ತಿಂಗಳು ಕುರುಗೋಡಿಗೆ ಹೋಗಿದ್ದೆ. ತಂಗಿಯ ಮೊಮ್ಮಗಳ ನಿಶ್ಚಿತಾರ್ಥ. ಬಳ್ಳಾರಿಯಿಂದ ಮೊದಲ ಬಸ್ಸಿಗೆ ಹೊರಟು ಎಲ್ಲರಿಗಿಂತ ಮುಂಚೆ ತಲುಪಿದೆ. ಮುಂಚೆ ತಲುಪುವುದು ನನ್ನ ಅಭ್ಯಾಸ. ಬೇರೆಯವರಿಗೆ ಅದು ತೊಂದರೆ ಎಂದು ಈಚೆಗೆ ತಿಳಿದಿದೆ. ಅವರ ಮನೆಯ ಅಂಗಳ ಇನ್ನೂ ಗುಡಿಸಿರಲಿಕ್ಕಿಲ್ಲ ಎಂದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕೊಂಡೆ. ಪ್ಲಾಸ್ಟಿಕ್ ಚೀಲ ಮುಗಿದಿದ್ದರಿಂದ ಅಂಗಡಿಯವನು ಹಳೆಯ ವಾರಪತ್ರಿಕೆಯ ಹಾಳೆಯೊಂದನ್ನು ಹರಿದು ಪೊಟ್ಟಣ ಕಟ್ಟಿಕೊಟ್ಟ. ಬೆಲ್ಲದ ಜಿಗುಟು, ಹಳೆಯ ಕಾಗದ, ಅಚ್ಚಿನ ಮಸಿ, ಮೂರೂ ಕೂಡಿದ ವಾಸನೆ ಬಂತು. ಕಟ್ಟೆಯ ಮೇಲೆ ಕುಳಿತು ಬೆಲ್ಲವನ್ನು ಟಿಫಿನ್ ಡಬ್ಬಿಗೆ ಹಾಕಿಕೊಂಡೆ. ಕಾಗದ ಬಿಡಿಸಿ, ತೊಡೆಯ ಮೇಲಿಟ್ಟು, ಅಂಗೈಯಿಂದ ತೀಡಿ ಓದಿದೆ. ಒಂದು ಕತೆಯ ನಡುಭಾಗ. ಯಾರೋ ಬಾಗಿಲು ಬಡಿಯುತ್ತಿದ್ದರು. ಯಾರು, ಬಾಗಿಲು ತೆರೆಯಿತೇ, ಎಂಬುದು ಬೇರೆ ಯಾವುದೋ ಪೊಟ್ಟಣದ ಜೊತೆ ಹೋಗಿತ್ತು.

ಹೀಗೆ ಓದುವುದನ್ನು ನಾನು ಕಲಿತದ್ದು ಇದೇ ಊರಿನ ಪಾರ್ವತಮ್ಮನಿಂದ. ಅವಳು ತೀರಿಕೊಂಡು ಐವತ್ತು ವರ್ಷಗಳ ಮೇಲಾಯಿತು.

ಅರವತ್ತರ ದಶಕದ ಕೊನೆ. ನಮ್ಮದು ಇನ್ನೂ ಮೈಸೂರು ರಾಜ್ಯ. ನರ್ಸಿಂಗ್ ತರಬೇತಿ ಮುಗಿಸಿದ ನನ್ನನ್ನು ಬಳ್ಳಾರಿಯ ಊರ ಹೊರಗಿದ್ದ ಕ್ಷಯದ ಆಸ್ಪತ್ರೆಗೆ ಹಾಕಿದರು. ಯಾರೂ ಇಷ್ಟಪಟ್ಟು ಹೋಗುತ್ತಿದ್ದ ಜಾಗವಲ್ಲ. ನನಗೆ ಮಾತ್ರ ಹಿಡಿಸಿತು, ಏಕೆಂದರೆ ಅಲ್ಲಿ ಎಲ್ಲಕ್ಕೂ ಗಂಟೆಯಿತ್ತು. ಎದ್ದೇಳಲು ಗಂಟೆ, ಜ್ವರ ನೋಡಲು ಗಂಟೆ, ಹಾಲಿಗೆ ಗಂಟೆ, ಮಲಗಲು ಗಂಟೆ. ನಮ್ಮಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ನಮ್ಮ ಮನೆಯಲ್ಲಿ ಗಡಿಯಾರವೇ ಯಜಮಾನ. ಆಮೇಲೆ ಹಾಸ್ಟೆಲ್, ಅಲ್ಲೂ ಗಂಟೆ. ಹೊತ್ತಿಗೆ ಸರಿಯಾಗಿ ನಡೆದರೆ ಬದುಕು ಕೆಡುವುದಿಲ್ಲ ಎಂದು ನಂಬಿದ್ದ ವಯಸ್ಸು. ಕತೆ, ಕಾದಂಬರಿ ಓದುವ ಚಟ ನನಗಿರಲಿಲ್ಲ. ಅದಕ್ಕೆ ಯಾವ ಗಂಟೆಯೂ ಇರಲಿಲ್ಲವಲ್ಲ.

ಹೆಂಗಸರ ವಾರ್ಡು ಉದ್ದನೆಯ ಶೆಡ್ಡು. ಪೂರ್ವಕ್ಕೆ ತೆರೆದ ಪಡಸಾಲೆ. ಗಾಳಿ, ಬಿಸಿಲು, ವಿಶ್ರಾಂತಿ ಮೂರೂ ಔಷಧದಷ್ಟೇ ಮುಖ್ಯ ಎಂಬುದು ನಮ್ಮ ದೊಡ್ಡ ಡಾಕ್ಟರ ಮಾತು. ಮಧ್ಯಾಹ್ನ ಊಟದ ನಂತರ ವಿಶ್ರಾಂತಿಯ ಹೊತ್ತು. ಆಗ ಮಾತಿಲ್ಲ, ಕೂರುವಂತಿಲ್ಲ, ಓದುವಂತಿಲ್ಲ, ಅಂಗಾತ ಮಲಗಿರಬೇಕು. ಅದನ್ನು ಪಾಲಿಸುವಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಸಂಕ್ರಾಂತಿಗೆ ಸ್ವಲ್ಪ ಮೊದಲು ಪಾರ್ವತಮ್ಮ ಬಂದಳು. ಮೂವತ್ತು ದಾಟಿದ ಹೆಂಗಸು, ಹಣೆ ತುಂಬ ವಿಭೂತಿ, ಕಣ್ಣು ಮಾತ್ರ ದೊಡ್ಡವು, ಉಳಿದದ್ದೆಲ್ಲ ಸವೆದುಹೋಗಿತ್ತು. ತವರು ಸಿರುಗುಪ್ಪದ ಕಡೆ, ಹೊಳೆಯ ದಂಡೆಯ ಹಳ್ಳಿ. ಗಂಡ ವೀರಭದ್ರಪ್ಪ ಕುರುಗೋಡಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ಅವನು ಹಾಸಿಗೆಯ ಪಕ್ಕ ಸಕ್ಕರೆ, ಅವಲಕ್ಕಿ, ಬಿಸ್ಕತ್ತು ಇಟ್ಟು ಹೋದ. ಸಂಜೆ ನಾನು ನೋಡಿದಾಗ ತಿನಿಸೆಲ್ಲ ಪಕ್ಕದ ಹಾಸಿಗೆಯವರ ತಟ್ಟೆಯಲ್ಲಿತ್ತು. ಪಾರ್ವತಮ್ಮ ಪೊಟ್ಟಣದ ಕಾಗದಗಳನ್ನು ಮಂಡಿಯ ಮೇಲೆ ಹರಡಿಕೊಂಡು ಒಂದೊಂದಾಗಿ ಓದುತ್ತಿದ್ದಳು.

"ಏನಮ್ಮಾ ಅದು, ಕಸ?" ಎಂದೆ.

"ಕಸ ಅಲ್ರಿ ಸಿಸ್ಟರ್. ಇದರಾಗ ಒಬ್ಬಾಕಿ ಬಾವಿ ಕಟ್ಟಿಮ್ಯಾಲೆ ಕುಂತಾಳ. ಬೀಳ್ತಾಳೋ, ನೀರು ಸೇದ್ತಾಳೋ ಗೊತ್ತಾಗವಲ್ದು. ಹರದುಬಿಟ್ಟಾರ."

ಅವಳ ಕತೆ ಆಮೇಲೆ ತಿಳಿಯಿತು. ತವರಿನಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಸಾಲಿ. ಮದುವೆಯಾದ ಮೇಲೆ ಪುಸ್ತಕ ಎಂಬುದನ್ನು ಕೈಯಲ್ಲಿ ಹಿಡಿದವಳಲ್ಲ. ಆದರೆ ಅಂಗಡಿಗೆ ಬಳ್ಳಾರಿಯಿಂದ ರದ್ದಿ ಕಾಗದ ಮೂಟೆಗಟ್ಟಲೆ ಬರುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅವಳೂ ಮಗಳೂ ಕುಳಿತು, ಹಾಳೆ ಹರಿದು, ಅಂಟು ಹಚ್ಚಿ, ಮರುದಿನಕ್ಕೆ ಚೀಲ ಮಾಡಿಡಬೇಕು. ಅತ್ತೆ ಜಪಕ್ಕೆ ಕೂತ ಹೊತ್ತು. ಆಗ ಪ್ರತಿ ಹಾಳೆಯನ್ನೂ ಹರಿಯುವ ಮುಂಚೆ ಓದುವಳು. ಎಲ್ಲ ಕತೆಗಳೂ ನಡುವಿನಿಂದಲೇ. ಮೊದಲು ಏನಾಗಿರಬಹುದು, ಮುಂದೆ ಏನಾಗಬಹುದು ಎಂದು ತಾಯಿ ಮಗಳು ತಮ್ಮಷ್ಟಕ್ಕೆ ಕಟ್ಟಿಕೊಳ್ಳುವುದು. ಅದೇ ಅವರ ಆಟ. ಮಗಳು ಕಟ್ಟಿದ್ದು ತಾಯಿಗೆ ಸರಿಬರದು, ತಾಯಿಯದು ಮಗಳಿಗೆ ಸರಿಬರದು. ಅಷ್ಟರಲ್ಲಿ ಹಾಳೆ ಚೀಲವಾಗಿರುವುದು.

"ಕಡೀ ಹಾಳಿ ಯಾವಾಗರ ಸಿಕ್ಕಿತ್ತೇನು?" ಎಂದು ಒಮ್ಮೆ ಕೇಳಿದೆ.

"ಎಲ್ಲೀದ್ರಿ. ಕಡೀ ಹಾಳಿ ಯಾವಾಗ್ಲೂ ಯಾರೋ ಬೆಲ್ಲ ಕಟ್ಟಿಸ್ಕೊಂಡು ಹೋಗಿರ್ತಾರ."

ವಾರ್ಡಿನಲ್ಲಿ ಒಂದು ಕಪಾಟಿತ್ತು. ರೋಗಿಗಳು ಬಿಟ್ಟುಹೋದ, ಧರ್ಮಕ್ಕೆ ಬಂದ ಪುಸ್ತಕಗಳು. ಒಳಗೆ ಬಂದ ಪುಸ್ತಕ ಹೊರಗೆ ಹೋಗಬಾರದು ಎಂಬುದು ಆಸ್ಪತ್ರೆಯ ಕಟ್ಟಳೆ. ತೀರಾ ಹಾಳಾದರೆ ಸುಡುವ ಗುಂಡಿಗೆ. ಪಾರ್ವತಮ್ಮ ಆ ಕಪಾಟನ್ನು ಕಂಡ ದಿನ ಅದರ ಮುಂದೆ ನೆಲದ ಮೇಲೆ ಕುಳಿತುಬಿಟ್ಟಳು. ಆಯಾ ಹುಸೇನಬಿ ಬಂದು ಎಬ್ಬಿಸಬೇಕಾಯಿತು.

"ಅರೆ ಪಾರವ್ವಾ, ದೇವರ ಗೂಡು ಅಂತ ತಿಳಕೊಂಡಿ ಏನಬೇ? ಏಳು, ಥಂಡಿ ಐತಿ ನೆಲ."

"ಇಷ್ಟೂ ಪೂರಾ ಅದಾವೇನ ಹುಸೇನವ್ವಾ? ಹರದಿಲ್ಲ?"

ಪೂರಾ ಇರಲಿಲ್ಲ. ಅವಳು ಆರಿಸಿಕೊಂಡ ದಪ್ಪ ಕಾದಂಬರಿಗೆ ರಟ್ಟಿರಲಿಲ್ಲ, ಮೊದಲ ಕೆಲವು ಪುಟಗಳಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ. ಬೇರೆ ಗಟ್ಟಿಯಾದವು ಇದ್ದವು, ಅವನ್ನು ಕೊಡಲು ಹೋದೆ. "ಬ್ಯಾಡ್ರಿ, ಇದಕ್ಕ ನಾನs ಬೇಕು. ಮೊದ್ಲಿಂದು ನಾ ಕಟ್ಕೊಂತೀನಿ. ಕಡೀದು ಐತಿ ನೋಡ್ರಿ, ಅದು ಮುಖ್ಯ," ಎಂದಳು. ಕೊನೆಯ ಹಾಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳೇ ಹೊರತು ಓದಲಿಲ್ಲ.

ಅವಳು ಖುಷಿಯಾಗಿದ್ದಳು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ದಿನವೂ ಇಂಜೆಕ್ಷನ್, ಬಾಯಿ ಕೆಡಿಸುವ ಕಹಿ ಪುಡಿ, ಜ್ವರ, ಕೆಮ್ಮು. ಆದರೂ ಖುಷಿ. ಒಂದು ಬೆಳಿಗ್ಗೆ ಥರ್ಮಾಮೀಟರ್ ತೆಗೆಯುತ್ತಲೇ ಹೇಳಿದಳು:

"ಸಾಲಿ ಹುಡುಗರಿಗೆ ಬ್ಯಾಸಗಿ ರಜಾ. ಕಚೇರಿಯವರಿಗೆ ಐತಾರ ರಜಾ. ಅಂಗಡಿಗೆ ಅಮಾಸಿ ರಜಾ. ಹೆಣ್ಮಕ್ಕಳಿಗೆ ರಜಾ ಬೇಕಂದ್ರ ಕ್ಷಯನ ಬರಬೇಕ್ರಿ ಸಿಸ್ಟರ್."

ಪಕ್ಕದ ಹಾಸಿಗೆಯವರು ನಕ್ಕರು. ನಾನು ನಗಲಿಲ್ಲ, ಡ್ಯೂಟಿಯಲ್ಲಿ ನಗುವ ಪದ್ಧತಿ ನನಗಿರಲಿಲ್ಲ. ವಿಶ್ರಾಂತಿಯ ಹೊತ್ತಿನಲ್ಲಿ ಅವಳು ಹೊದಿಕೆಯೊಳಗೆ ಪುಸ್ತಕ ಇಟ್ಟುಕೊಂಡಿರುತ್ತಿದ್ದಳು. ನಾನು ತೆಗೆದುಕೊಂಡು ಕಪಾಟಿಗೆ ಹಾಕಿ ಬೀಗ ಹಾಕುತ್ತಿದ್ದೆ. ಏಳುವ ಗಂಟೆಗೆ ತೆಗೆದುಕೊಡುತ್ತಿದ್ದೆ. ಇದರ ಬಗ್ಗೆ ನಮ್ಮಿಬ್ಬರಲ್ಲಿ ಜಗಳವಾಗಲಿಲ್ಲ. ಅವಳಿಗೂ ನಿಯಮದ ಮನೆಯ ಅಭ್ಯಾಸವಿತ್ತು.

ಮಗಳು ಸುಮಂಗಲಾ ಹೈಸ್ಕೂಲಿನ ಮೊದಲ ವರ್ಷ. ಕುರುಗೋಡಿನಲ್ಲಿ ಹೆಣ್ಣುಮಕ್ಕಳನ್ನು ಅಷ್ಟು ಓದಿಸುವವರು ಆಗ ಕಡಿಮೆ. ಪಾರ್ವತಮ್ಮ ಊಟ ಬಿಟ್ಟು ಹಟ ಹಿಡಿದು, ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದ ತನ್ನ ಅಣ್ಣನ ಮನೆಯಲ್ಲಿ ಮಗಳನ್ನು ಇರಿಸಿ ಸಾಲಿಗೆ ಹಾಕಿಸಿದ್ದಳು. "ನನ್ನಂಗ ನಡುಕಿನ ಹಾಳಿ ಓದಬಾರ್ದ್ರಿ ಆಕಿ. ಮೊದ್ಲಿಂದ ಕಡೀತನಕ ಓದಬೇಕು. ಟೀಚರ್ ಆಗಬೇಕು." ಇದೊಂದೇ ಅವಳ ಬೇಡಿಕೆ. ದೇವರ ಹತ್ತಿರ, ದೊಡ್ಡ ಡಾಕ್ಟರ ಹತ್ತಿರ, ನನ್ನ ಹತ್ತಿರ, ಎಲ್ಲರ ಹತ್ತಿರ.

ಮಕ್ಕಳಿಗೆ ಒಳಗೆ ಪ್ರವೇಶವಿರಲಿಲ್ಲ. ಅಂಗಳದಾಚೆ ಒಂದು ಬೇವಿನಮರ. ಅಲ್ಲಿಯವರೆಗೆ ಬರಬಹುದು. ಐತವಾರ ಸಂಜೆ ಸುಮಂಗಲಾ ಆ ಮರದ ಕೆಳಗೆ ನಿಲ್ಲುವಳು, ಎರಡು ಜಡೆ, ಕೈಯಲ್ಲಿ ಮಾವನ ಮನೆಯ ಊಟದ ಕ್ಯಾರಿಯರ್. ಪಾರ್ವತಮ್ಮ ಪಡಸಾಲೆಯ ಕಂಬ ಹಿಡಿದು, ಆ ವಾರ ಓದಿದಷ್ಟು ಕತೆಯನ್ನು ಮಗಳಿಗೆ ಹೇಳುವಳು. ರುಕ್ಮಿಣಿ ಎಂಬ ಸೊಸೆ. ದೊಡ್ಡ ಮನೆ. ಹೊಳೆಯಾಚೆಯ ಪಟ್ಟಣದಲ್ಲಿ ಹೆಂಗಸರಿಗೆ ಓದಿಸುವ ಸಾಲಿ ಇದೆ. ಅಲ್ಲಿಗೆ ಹೋಗಬೇಕೆಂದು ಅವಳ ಆಸೆ. ಮನೆಯವರು ಬಿಡರು. ಇಷ್ಟೇ ಕತೆ. ಆದರೆ ಪಾರ್ವತಮ್ಮ ಹೇಳುವಾಗ ಇಡೀ ಪಡಸಾಲೆ ಸುಮ್ಮನಾಗುತ್ತಿತ್ತು. ನಾನು ಬಟ್ಟೆಯ ಎಣಿಕೆ ಮಾಡುತ್ತ ಅಲ್ಲೇ ಇರುತ್ತಿದ್ದೆ. ಎಣಿಕೆ ಎರಡೆರಡು ಸಲ ಮಾಡಬೇಕಾಗುತ್ತಿತ್ತು.

ಅಷ್ಟು ದೂರಕ್ಕೆ ಕೇಳುವಂತೆ ಹೇಳಲು ದನಿ ಎತ್ತಬೇಕು. ಶಿವರಾತ್ರಿ ಕಳೆದ ಮೇಲಿನ ಒಂದು ಐತವಾರ, ಓಡಿಹೋಗಲೆಂದು ರುಕ್ಮಿಣಿ ಕಟ್ಟಿಟ್ಟ ಬಟ್ಟೆಯ ಗಂಟು ಅತ್ತೆಯ ಕೈಗೆ ಸಿಕ್ಕಿಬಿದ್ದ ಭಾಗ ಹೇಳುತ್ತಿದ್ದಂತೆ ಕೆಮ್ಮು ಬಂತು, ಕೆಮ್ಮಿನ ಜೊತೆ ರಕ್ತ. ಮಗಳು ಮರದ ಕೆಳಗಿನಿಂದ ಓಡಿ ಬಂದಳು. ಹುಸೇನಬಿ ಅಡ್ಡ ನಿಂತು ತಡೆದಳು. ಮರುದಿನ ದೊಡ್ಡ ಡಾಕ್ಟರು, ಇನ್ನು ಮೇಲೆ ಗಟ್ಟಿ ಮಾತು ಕೂಡದು ಎಂದರು.

ಎರಡು ದಿನ ಸುಮ್ಮನಿದ್ದ ಪಾರ್ವತಮ್ಮ ಮೂರನೆಯ ದಿನ ನನ್ನ ಸೆರಗು ಹಿಡಿದಳು.

"ಸಿಸ್ಟರ್, ಒಂದು ಮಾತು. ನಾ ಓದಿ ಮುಗಿಸಿದ ಮ್ಯಾಲೆ ಈ ಪುಸ್ತಕ ಸುಮೀಗೆ ಕೊಡ್ರಿ."

"ಒಳಗಿನ ಪುಸ್ತಕ ಹೊರಗೆ ಹೋಗಂಗಿಲ್ಲ. ಗೊತ್ತೈತಿ ನಿನಗ."

"ಬಿಸಿಲಿಗಿಡ್ರಿ. ನಮ್ಮೂರ ಬಿಸಲಿಗೆ ಮೆಣಸಿನಕಾಯಿ ಒಣಗತೈತಿ, ಶಂಡಿಗಿ ಒಣಗತೈತಿ, ಹುಣಸಿಹಣ್ಣು ಒಣಗತೈತಿ. ರೋಗ ಒಣಗಂಗಿಲ್ಲೇನ್ರಿ? ಒಂದೊಂದು ಹಾಳಿ ಬಿಚ್ಚಿ ಬಿಸಲಿಗೆ ಹಿಡೀರಿ. ನೀವs ಹೇಳ್ತೀರಿ, ಬಿಸಲ ಔಷಧ ಅಂತ."

ಮಾತು ಸುಳ್ಳಲ್ಲ. ಹಾಸಿಗೆಗಳನ್ನು ನಾವು ಬಿಸಿಲಿಗೇ ಹಾಕುತ್ತಿದ್ದೆವು. ಬೇರೆ ಮನೆಯ ಹುಡುಗಿಯಾಗಿದ್ದರೆ ದೊಡ್ಡ ಡಾಕ್ಟರನ್ನು ಕೇಳಿ ನೋಡುತ್ತಿದ್ದೆನೋ ಏನೋ. ಆದರೆ ನಾನು ಬೇರೆಯದನ್ನು ಯೋಚಿಸಿದ್ದೆ, ಅದನ್ನೇ ಹೇಳಿದೆ:

"ಪಾರ್ವತಮ್ಮ, ಬಿಸಿಲಿಗೆ ಇಡ್ತೀನಿ ಅಂತ ಇಟ್ಕೋ. ಸುಮಿ ಓದಿ ಮುಗಸ್ತಾಳ. ಆಮೇಲೆ ರಜಾದಾಗ ಕುರುಗೋಡಿಗೆ ತಗೊಂಡು ಹೋಗ್ತಾಳ. ನಿಮ್ಮದು ಅಂಗಡಿ ಮನಿ. ಅಲ್ಲಿ ಆ ಪುಸ್ತಕ ಎಷ್ಟು ದಿನ ಪುಸ್ತಕ ಆಗಿರ್ತೈತಿ?"

ಅವಳು ನನ್ನ ಮುಖ ನೋಡಿದಳು. ನಾನು ಮುಂದುವರಿಸಲಿಲ್ಲ. ರಟ್ಟಿಲ್ಲದ ಹಳೆಯ ಪುಸ್ತಕ. ಅವಳ ಅತ್ತೆಯ ಕಣ್ಣಿಗೆ ಬಿದ್ದರೆ ಅದು ನಾಲ್ಕು ದಿನದ ಪೊಟ್ಟಣ. ಅದರ ಒಂದೊಂದು ಹಾಳೆ ಸಕ್ಕರೆ, ಪುಠಾಣಿ, ಕಲ್ಲುಸಕ್ಕರೆ ಕಟ್ಟಿಕೊಂಡು ಒಂದೊಂದು ಮನೆಗೆ, ಒಂದೊಂದು ಕೂಸಿನ ಕೈಗೆ ಹೋಗುತ್ತದೆ. ಬಿಸಿಲಿಗೆ ಸಾಯದೆ ಉಳಿದ ರೋಗವೇನಾದರೂ ಇದ್ದರೆ ಅದೂ ಹೋಗುತ್ತದೆ.

ಪಾರ್ವತಮ್ಮ ಸೆರಗು ಬಿಟ್ಟಳು.

"ಖರೇ ಐತ್ರಿ. ನಮ್ಮ ಮನ್ಯಾಗ ಕಾಗದ ಉಳಿಯಂಗಿಲ್ಲ. ಕೊಡಬ್ಯಾಡ್ರಿ. ನಾ ಕೇಳಿದ್ರೂ ಕೊಡಬ್ಯಾಡ್ರಿ."

ನಿಯಮ ಸರಿಯಾಗಿತ್ತು. ಈಗಲೂ ಹಾಗೆಯೇ ಹೇಳುತ್ತೇನೆ. ಸರಿಯಾದದ್ದರಿಂದ ಒಳ್ಳೆಯದೇ ಆಗಬೇಕೆಂದಿಲ್ಲ.

ಆ ಬೇಸಿಗೆ ಒಂದು ತಮಾಷೆಯೂ ನಡೆಯಿತು. ಕತೆ ನಿಲ್ಲಬಾರದು ಎಂದು ಹುಸೇನಬಿ ತಾನೇ ಮುಂದೆ ಬಂದಳು. ಪಾರ್ವತಮ್ಮ ಅವಳ ಕಿವಿಯಲ್ಲಿ ಮೆಲ್ಲಗೆ ಹೇಳುವುದು, ಅವಳು ಬೇವಿನಮರದ ಹತ್ತಿರ ಹೋಗಿ ಸುಮಂಗಲಾಗೆ ಒಪ್ಪಿಸುವುದು. ಬೇಸಿಗೆ ರಜೆಗೆ ಹುಡುಗಿಯನ್ನು ಮನೆಗೆಲಸಕ್ಕೆಂದು ಕುರುಗೋಡಿಗೆ ಕರೆಸಿಕೊಂಡಿದ್ದರು. ಐತವಾರ ಅಪ್ಪನ ಜೊತೆ ಬಸ್ಸಿನಲ್ಲಿ ಬರುತ್ತಿದ್ದಳು. ಹುಸೇನಬಿ ಸೊಂಟಕ್ಕೆ ಕೈಕೊಟ್ಟು ನಿಲ್ಲುವಳು:

"ಸುನ್ ಬೇಟಿ. ಆ ರುಕ್ಮಿಣಿ ಅದಾಳಲ್ಲ, ಆಕಿ ಸಾಸೂಗೆ, ಅದs ಅತ್ತೀಗೆ, ಹೇಳಿದ್ಲು, ನಾ ಹೋಗಾಕಿನs ಅಂತ. ಸಾಸು ಒಂದು ಬಿಟ್ಟಳು ನೋಡು ಕಪಾಳಕ್ಕ!"

ಪಡಸಾಲೆಯಿಂದ ಪಾರ್ವತಮ್ಮ ಎರಡೂ ಕೈ ಬೀಸಿ, ಇಲ್ಲ ಇಲ್ಲ, ಹೊಡೆಯಲಿಲ್ಲ ಎಂದು ಸನ್ನೆ ಮಾಡುವಳು.

"ಹೊಡೀಲಿಲ್ಲಂತ. ಹೊಡೀಬೇಕಿತ್ತು. ನಮ್ಮ ಸಾಸು ಆಗಿದ್ರ ಹೊಡೀತಿದ್ಲು."

ತಾಯಿ ಕಂಬಕ್ಕೆ ಒರಗಿ, ಬಾಯಿಗೆ ಬಟ್ಟೆ ಒತ್ತಿಕೊಂಡು ನಗುವಳು. ಮಗಳು ಮರದ ಕೆಳಗೆ ನಗುವಳು. ಬಳ್ಳಾರಿ ಕೋಟೆಯ ಗುಡ್ಡ ಕಾದು, ಸಂಜೆಯಾದರೂ ಅದರ ಝಳ ಇಳಿಯುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಆ ನಗುವೇ.

ಔಷಧ ಕೆಲಸ ಮಾಡುತ್ತಿತ್ತು. ಜ್ವರ ಇಳಿಯಿತು, ತೂಕ ಏರಿತು, ರಕ್ತ ನಿಂತಿತು. ದೊಡ್ಡ ಡಾಕ್ಟರು ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದ್ದರು. ಇದು ಗುಣದ ಸುರುವಾತು ಮಾತ್ರ, ಪೂರಾ ಗುಣಕ್ಕೆ ಒಂದೂವರೆ ವರ್ಷ ಬೇಕು, ನಡುವೆ ಬಿಟ್ಟರೆ ಔಷಧಕ್ಕೆ ರೋಗ ಬಗ್ಗುವುದಿಲ್ಲ. ಮೇ ತಿಂಗಳ ಕೊನೆಯಲ್ಲಿ ವೀರಭದ್ರಪ್ಪ ಒಬ್ಬನೇ ಬಂದ. ಕೆಟ್ಟ ಮನುಷ್ಯನಲ್ಲ. ನನ್ನೆದುರು ನಿಂತು ಟವೆಲ್ ಹಿಂಡುತ್ತಿದ್ದ.

"ಸಿಸ್ಟರಮ್ಮಾರ, ಇಕಿ ಈಗ ಚಲೋ ಅದಾಳಲ್ರಿ. ಕರಕೊಂಡು ಹೋಗ್ತೀನ್ರಿ."

"ಚಲೋ ಆಗಾಕ ಹತ್ಯಾಳ. ಆಗಿಲ್ಲ. ಯಾರು ಹೇಳಿದ್ರು ನಿನಗ?"

"ನಮ್ಮವ್ವನ ಕೈಲಿ ಆಗವಲ್ದ್ರಿ. ಒಲಿ ಮುಂದ ಕುಂದ್ರಾಕ ಆಗಂಗಿಲ್ಲ. ಸುಮಿನ್ನ ಸಾಲಿ ಬಿಡಸು ಅಂತಾಳ. ಇಲ್ಲಾಂದ್ರ ಹೆಂಡ್ತೀನ ಕರಕೊಂಡು ಬಾ ಅಂತಾಳ."

ನಾನು ಏನು ಹೇಳಬೇಕೋ ಹೇಳಿದೆ. ದೊಡ್ಡ ಡಾಕ್ಟರು ಗದರಿದರು. ಕೊನೆಗೆ ಪಾರ್ವತಮ್ಮನೇ ಎದ್ದು ಕುಳಿತಳು.

"ಯಾಕ ಅವರ ಮ್ಯಾಲೆ ಸಿಟ್ಟು ಮಾಡ್ತೀರಿ ಸಿಸ್ಟರ್? ಜೂನ್‌ನಾಗ ಸಾಲಿ ಸುರು. ನಾ ಮನಿಗೆ ಹೋದ್ರ ಆಕಿ ಸಾಲಿಗೆ ಹೋಗ್ತಾಳ. ನಾ ಇಲ್ಲೇ ಇದ್ರ ಆಕಿ ಒಲಿ ಮುಂದ. ಇದರಾಗ ಡಾಕ್ಟರಿಗೆ ಕೇಳೋದು ಏನೈತಿ?"

"ನೀ ಸತ್ರ?"

ನರ್ಸ್ ಕೇಳಬಾರದ ಮಾತು. ಬಾಯಿಗೆ ಬಂದುಬಿಟ್ಟಿತು.

"ಸತ್ರೂ ಒಂದು ವರ್ಷ ಓದಿರ್ತಾಳಲ್ರಿ."

ಊರಿನ ಕಂಪೌಂಡರ ಹತ್ತಿರ ಇಂಜೆಕ್ಷನ್ ಹಾಕಿಸಿಕೊಳ್ಳುತ್ತೇನೆ, ಪುಡಿ ತಪ್ಪದೆ ನುಂಗುತ್ತೇನೆ ಎಂದು ಮಾತು ಕೊಟ್ಟಳು. ಹೊರಡುವ ಮುಂಚೆ ಕಪಾಟಿನ ಹತ್ತಿರ ಬಂದಳು. ಕಾದಂಬರಿಯಲ್ಲಿ ಮೂರರಲ್ಲಿ ಎರಡು ಪಾಲು ಮುಗಿದಿತ್ತು. ರುಕ್ಮಿಣಿ ಹಿತ್ತಲ ಬಾಗಿಲು ತೆರೆದು ಹೊಳೆಯ ಕಡೆ ಹೊರಟ ಪುಟಕ್ಕೆ ಪೊಟ್ಟಣದ ಕಾಗದದ ಚೂರೊಂದನ್ನು ಗುರುತಿಟ್ಟು, ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು.

"ಇಡ್ರಿ. ಬರ್ತೀನಂತ ಅಲ್ಲ. ಸುಮ್ನ ಇಡ್ರಿ."

ಇಂಥವರು ಬಹಳ ಮಂದಿ ಹೋಗುತ್ತಿದ್ದರು. ಕೆಮ್ಮು ನಿಂತಿತು, ರೋಗ ಹೋಯಿತು ಎಂದುಕೊಂಡು ಹೋಗುವವರೇ ಹೆಚ್ಚು. ಎಲ್ಲ ತಿಳಿದೂ ಹೋದವಳು ನನ್ನ ಕಾಲದಲ್ಲಿ ಇವಳೊಬ್ಬಳು.

ಗಣೇಶನ ಹಬ್ಬ ಇನ್ನೂ ಎರಡು ವಾರವಿತ್ತು. ಮಳೆ ಬಂದು ಹೋಗಿ, ಕರಿ ಮಣ್ಣಿನ ವಾಸನೆ ವಾರ್ಡಿನವರೆಗೂ ಬಂದಿತ್ತು. ಬಾಡಿಗೆ ಕಾರಿನಲ್ಲಿ ಪಾರ್ವತಮ್ಮನನ್ನು ಮಲಗಿಸಿಕೊಂಡು ಬಂದರು. ಹುಸೇನಬಿ ಒಬ್ಬಳೇ ಎತ್ತಿಕೊಂಡು ಬಂದು ಹಾಸಿಗೆಗೆ ಹಾಕಿದಳು. ಅಷ್ಟು ಹಗುರ.

"ಇಂಜೆಕ್ಷನ್?" ಎಂದೆ.

"ಹತ್ತು ಹನ್ನೆರಡು ದಿನ ಹಾಕಿಸ್ಕೊಂಡ್ನಿರಿ. ಆಮ್ಯಾಲೆ ಕಂಪೌಂಡರಿಗೆ ಬ್ಯಾರೆ ಊರಿಗೆ ವರ್ಗ ಆತು."

"ಸುಮಿ?"

ಗೋಡೆಯ ಕಡೆ ತಿರುಗಿದಳು.

"ಜೂನ್, ಜುಲೈ ಹೋದ್ಳು. ನಾ ಬಿದ್ದ ಮ್ಯಾಲೆ ಬಿಡಿಸಿದ್ರು. ಈಗ ಮನ್ಯಾಗ ಅದಾಳ. ಸಿರಿಗೇರಿಯಿಂದ ಒಂದು ಸಂಬಂಧ ಬಂದೈತಿ, ಮುಂದಿನ ವರ್ಷಕ್ಕ ಅಂತಾರ."

ಹಾಗಾದರೆ ಅವಳು ಮನೆಗೆ ಹೋದದ್ದರಿಂದ ಮಗಳಿಗೆ ದಕ್ಕಿದ್ದು ಎರಡು ತಿಂಗಳ ಸಾಲಿ. ನಾನು ಹಾಸಿಗೆ ಸರಿಮಾಡಿದೆ. ಚಾರ್ಟ್ ಬರೆದೆ. ಬೇರೇನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಅದೇ ಔಷಧ ಮತ್ತೆ ಸುರುವಾಯಿತು. ಈ ಸಲ ರೋಗ ಅದಕ್ಕೆ ಬಗ್ಗಲಿಲ್ಲ. ಪುಸ್ತಕ ತಂದುಕೊಟ್ಟೆ. ಎರಡು ದಿನ ಎದೆಯ ಮೇಲೆ ಇಟ್ಟುಕೊಂಡಳು, ಎತ್ತಿ ಹಿಡಿಯಲು ಆಗಲಿಲ್ಲ. ಮೂರನೆಯ ಸಂಜೆ, ಜ್ವರ ನೋಡಿಯಾದ ಮೇಲೆ, ನಾನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸ್ಟೂಲು ಎಳೆದು ಕುಳಿತೆ. ಗುರುತಿನ ಚೂರು ತೆಗೆದು ಓದಲು ಸುರುಮಾಡಿದೆ. ನನ್ನ ದಿನಚರಿಯಲ್ಲಿ ಇಲ್ಲದ ಕೆಲಸ. ಹಾಗಾಗಿ ಅದಕ್ಕೂ ಒಂದು ಹೊತ್ತು ಗೊತ್ತುಮಾಡಿದೆ: ಹಾಲಿನ ಗಂಟೆಯವರೆಗೆ.

ಸ್ವಲ್ಪ ಓದುವಷ್ಟರಲ್ಲಿ ಅವಳ ಮುಖದಲ್ಲಿ ನಗು ಬಂತು.

"ಸಿಸ್ಟರ್, ಜ್ವರದ ಚಾರ್ಟ್ ಓದಿದಂಗ ಓದ್ತೀರಿ. ಆಕಿ ಮನಿ ಬಿಟ್ಟು ಹೊಂಟಾಳ. ಒಂದೀಟು ಅಂಜ್ರಿ."

"ನಾ ಯಾಕ ಅಂಜಲಿ?"

"ಆಕಿ ಅಂಜ್ಯಾಳಲ್ರಿ."

ಕಲಿತೆ. ಪೂರ್ತಿ ಅಲ್ಲ, ಸ್ವಲ್ಪ. ದಿನಕ್ಕೆ ನಾಲ್ಕೈದು ಪುಟ. ಪಕ್ಕದ ಹಾಸಿಗೆಯವರೂ ಕೇಳುವರು. ರುಕ್ಮಿಣಿ ಹೊಲ ದಾಟಿದಳು, ಮಠದ ಹಿಂದೆ ಅಡಗಿ ಕುಳಿತಳು, ಹುಡುಕುವವರು ಹಾದುಹೋದರು, ಕೊನೆಗೆ ಹೊಳೆಯ ದಂಡೆ ಸೇರಿದಳು. ಅಲ್ಲಿ ಹರಿಗೋಲಿನವನು ನಿಂತಿದ್ದ. ಪಾರ್ವತಮ್ಮನಿಗೆ ಹರಿಗೋಲು ಗೊತ್ತು. ತವರಿನಲ್ಲಿ ಚಿಕ್ಕಂದಿನಿಂದ ತುಂಗಭದ್ರೆ ದಾಟಿದವಳು. ರುಕ್ಮಿಣಿ ಹರಿಗೋಲು ಹತ್ತಿದಲ್ಲಿಗೆ ಅಧ್ಯಾಯ ಮುಗಿಯಿತು. ಉಳಿದದ್ದು ಕೊನೆಯ ಅಧ್ಯಾಯ ಒಂದೇ. ನಾನು ಹಾಳೆ ತಿರುವಿದೆ.

"ಬ್ಯಾಡ್ರಿ," ಎಂದಳು.

"ಯಾಕ? ಇದೊಂದs ಉಳದೈತಿ. ಕಡೀ ಹಾಳಿ ಸಿಗಲಿಲ್ಲ ಅಂತ ಒದ್ದಾಡಿದಾಕಿ ನೀನು."

"ನನಗ ರೂಢಿ ಇಲ್ರಿ. ಹರಿಗೋಲು ಹತ್ತಿದ ಮ್ಯಾಲೆ ನಡು ಹೊಳಿಯಾಗ ಯಾರರ ಇಳೀತಾರೇನು? ದಾಟ್ತಾಳ. ನನಗ ಗೊತ್ತೈತಿ. ಸಾಕು."

ನಾಳೆ ಓದೋಣ ಎಂದು ಗುರುತಿನ ಚೂರು ಇಟ್ಟೆ. ಮರುದಿನವೂ ಬೇಡವೆಂದಳು, ಅದರ ಮರುದಿನವೂ ಬೇಡವೆಂದಳು. ಆಮೇಲೆ ಅವಳಿಗೆ ಮಾತೇ ಇರಲಿಲ್ಲ. ಮಹಾನವಮಿಗೆ ಮೊದಲು, ಒಂದು ಮುಂಜಾನೆ, ವಾರ್ಡಿನ ನೆಲ ಒರೆಸುವ ಹೊತ್ತಿನಲ್ಲಿ ಹೋದಳು. ನೆಲ ಒರೆಸುತ್ತಿದ್ದ ಹುಸೇನಬಿ ಬಕೆಟ್ ಬಿಟ್ಟು ಬಂದು, ಅವಳ ಕಣ್ಣು ಮುಚ್ಚಿ, ತಿರುಗಿ ಹೋಗಿ ಒರೆಸುವುದನ್ನು ಮುಗಿಸಿದಳು.

ಆ ಮಧ್ಯಾಹ್ನ ವಿಶ್ರಾಂತಿಯ ಹೊತ್ತಿನಲ್ಲಿ, ಡ್ಯೂಟಿ ಕೋಣೆಯ ಬಾಗಿಲು ಹಾಕಿಕೊಂಡು, ನಾನು ಆ ಕೊನೆಯ ಅಧ್ಯಾಯ ಓದಿದೆ. ನಾನು ಕೊನೆಯವರೆಗೆ ತಲುಪಿದ ಮೊದಲ ಕತೆ ಅದು. ಹುಡುಗಿ ಬಂದರೆ ಕೇಳುತ್ತಾಳೆ, ಉತ್ತರ ಇರಬೇಕು ಎಂದು ಓದಿದೆ.

ಅವಳು ಮೂರು ದಿನ ಬಿಟ್ಟು ಅಪ್ಪನ ಜೊತೆ ಬಂದಳು. ಅವನು ಹೆಂಡತಿಯ ತಾಳಿ, ಬಳೆ ತೆಗೆದುಕೊಂಡು ಹೋಗಲು ಬಂದಿದ್ದ. ಅವನ್ನು ಔಷಧದ ನೀರಿನಲ್ಲಿ ಕುದಿಸಿ ಇಟ್ಟಿದ್ದೆವು. ಬೇರೆ ಯಾವ ವಸ್ತುವನ್ನೂ ಕೊಡುವಂತಿರಲಿಲ್ಲ. ಅವನು ಆಫೀಸಿನ ಕಡೆ ಹೋದ. ಸುಮಂಗಲಾ ಬೇವಿನಮರದ ಕೆಳಗೆ ನಿಂತಿದ್ದಳು, ಅದೇ ಜಾಗ. ಎರಡು ಜಡೆ ಇರಲಿಲ್ಲ, ತುರುಬು. ಮುಂಗೈಯ ಮೇಲೆ ಒಲೆಯ ಸುಟ್ಟ ಗಾಯ. ಹದಿನಾಲ್ಕೂ ತುಂಬಿರಲಿಲ್ಲ. ನಾನು ಅಂಗಳ ದಾಟಿ ಅವಳ ಹತ್ತಿರ ಹೋದೆ. ಅಳಲಿಲ್ಲ ಅವಳು. ತನ್ನ ಸೆರಗಿನ ತುದಿ ಹಿಡಿದುಕೊಂಡು ಕೇಳಿದಳು:

"ಸಿಸ್ಟರ್, ಕಡೀಗೆ ಏನಾತ್ರಿ?"

ಕತೆಯ ಉತ್ತರ ಓದಿಟ್ಟುಕೊಂಡಿದ್ದರೂ, ಆ ಗಳಿಗೆಯಲ್ಲಿ ತಾಯಿಗೆ ಕೊನೆಗೆ ಏನಾಯಿತು ಎಂದು ಕೇಳುತ್ತಿದ್ದಾಳೆಂದುಕೊಂಡು, ಉಸಿರಾಟ, ನಾಡಿ ಎಂದು ಹೇಳತೊಡಗಿದೆ. ಅವಳು ತಲೆ ಅಲ್ಲಾಡಿಸಿದಳು.

"ಅದಲ್ರಿ. ಆ ರುಕ್ಮಿಣೀದು."

ನನಗೆ ಕತೆ ಹೇಳಲು ಬರುವುದಿಲ್ಲ. ವರದಿ ಒಪ್ಪಿಸುವಂತೆ ಹೇಳಿದೆ.

"ಹರಿಗೋಲು ಹತ್ತಿದಳು. ಅರ್ಧ ಹೊಳಿಗೆ ಹೋದಾಗ ದಂಡೀಲೆ ನಿಂತು ಮನಿಯವರು ಕೂಗಿದ್ರು, ಅತ್ತೀಗೆ ಜಡ್ಡು ಆಗೈತಿ ಅಂತ. ಹರಿಗೋಲು ತಿರುಗಿಸಿದಳು."

"ಮನಿಗೇನ್ರಿ?"

"ಮನಿಗೇ. ಎಲ್ಲಾರೂ ಹೊಗಳಿದ್ರು. ದೀಪ ಹಚ್ಚಿದಳು. ಮುಗೀತು."

ಹುಡುಗಿ ಸೆರಗು ಬಿಟ್ಟಳು.

"ಅವ್ವ ಬ್ಯಾರೆ ಹೇಳಿದ್ಳಲ್ರಿ. ಮನಿಗೆ ಬಂದಾಗ, ಪೊಟ್ಟಣ ಮಾಡೋ ಹೊತ್ತಿನ್ಯಾಗ. ದಾಟಿ ಹೋಗ್ತಾಳ, ಟೀಚರ್ ಆಗ್ತಾಳ ಅಂದಿದ್ಳು."

"ನಿಮ್ಮವ್ವ ಅದನ್ನ ಓದಿದ್ದಿಲ್ಲ. ತಾನs ಕಟ್ಟಿ ಹೇಳ್ಯಾಳ."

"ಹೌದ್ರಿ," ಎಂದಳು ಸುಮಂಗಲಾ. "ಆಕೀಗೆ ಕಡೀ ಹಾಳಿ ಎಂದೂ ಸಿಕ್ಕಿದ್ದಿಲ್ಲಲ್ರಿ."

ಅಪ್ಪ ಕರೆದ. ಕುರುಗೋಡಿನ ಬಸ್ಸಿಗೆ ಹೊತ್ತಾಗಿತ್ತು. ಹೋಗುವಾಗ ಅವಳು ತಿರುಗಿ ಪಡಸಾಲೆಯ ಕಂಬದ ಕಡೆ ನೋಡಿದಳೇ ಹೊರತು ಪುಸ್ತಕ ಕೇಳಲಿಲ್ಲ. ಅಂಗಡಿ ಮನೆಯ ಹುಡುಗಿ. ಅವಳಿಗೂ ಗೊತ್ತಿತ್ತು.

ಆ ವಾರ ಸುಡುವ ಗುಂಡಿಗೆ ಪಾರ್ವತಮ್ಮನ ಹಾಸಿಗೆ, ಹೊದಿಕೆ ಹೋದವು. ಪುಸ್ತಕದ ಹೊಲಿಗೆ ಬಿಟ್ಟಿತ್ತು, ಅದನ್ನೂ ಹಾಕಿಸಿದೆ. ದಪ್ಪನೆಯ ಪುಸ್ತಕ ಬೇಗ ಉರಿಯುವುದಿಲ್ಲ. ಹುಸೇನಬಿ ಉದ್ದನೆಯ ಕೋಲಿನಿಂದ ಹಾಳೆ ಬಿಡಿಸುತ್ತ ನಿಂತಿದ್ದಳು. ಬೆಂಕಿ ಕೆಳಗಿನಿಂದ ಬರುತ್ತಿದ್ದುದರಿಂದ ಕೊನೆಯ ಹಾಳೆಗಳೇ ಮೊದಲು ಹತ್ತಿಕೊಂಡವು. ಹರಿಗೋಲಿನವರೆಗಿನ ಭಾಗ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಉಳಿದಿತ್ತು. ಆಮೇಲೆ ಅದೂ ಹತ್ತಿಕೊಂಡಿತು. ವಿಶ್ರಾಂತಿಯ ಗಂಟೆ ಹೊಡೆಯುವ ಹೊತ್ತಾಗಿತ್ತು. ನಾನು ಒಳಗೆ ಹೋದೆ.